ಕಾಲು ಉದ್ದ, ಬೈಕು ಗಿಡ್ಡ: ಆರಡಿ ಮಕ್ಕಳಿಗೆ ಸ್ಪೋರ್ಟ್ಸ್ ಬೈಕು ಹೊಂದಿಸೋದು ಹೇಗೆ?

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಅಂತ ಹಿರಿಯರು ಹೇಳಿದ್ದು ದುಡ್ಡಿನ ವಿಚಾರಕ್ಕೆ. ಆದರೆ ಆರಡಿ ದಾಟಿದ ಹುಡುಗರು 150 ಸಿಸಿ ಸ್ಪೋರ್ಟ್ಸ್ ಬೈಕಿನ ಮೇಲೆ ಕೂತಾಗ ಆ ಮಾತು ಅಕ್ಷರಶಃ ನಿಜವಾಗಿಬಿಡುತ್ತದೆ. ಮಂಡಿ ಟ್ಯಾಂಕಿಗೆ ಒತ್ತುತ್ತೆ, ಬೆನ್ನು ಬಿಲ್ಲಿನ ಹಾಗೆ ಬಾಗುತ್ತೆ, ಸಂಜೆ ಮನೆಗೆ ಬಂದವರು ಸೊಂಟ ಹಿಡ್ಕೊಂಡು ಸೋಫಾ ಮೇಲೆ ಬೀಳ್ತಾರೆ. ‘ಬೇರೆ ಗಾಡಿ ತಗೋ ಅಂದ್ರೆ ಕೇಳಲಿಲ್ಲ’ ಅಂತ ಅಮ್ಮ, ‘ಗಾಡಿ ಸೂಪರ್ ಆಗಿದೆ, ನಾನೇ ಉದ್ದ’ ಅಂತ ಮಗ. ಈ ಜಗಳ ನಿಮ್ಮ ಮನೆಯಲ್ಲೂ ಇದ್ದರೆ ಮುಂದೆ ಓದಿ. ಗಾಡಿ ಮಾರುವ ಮೊದಲು ಮಾಡಿ ನೋಡಬಹುದಾದ ಕೆಲಸ ಸಾಕಷ್ಟಿದೆ.

ಸೀಟಿನ ಎತ್ತರ ನೋಡಿ ಮೋಸ ಹೋಗಬೇಡಿ

ನಮ್ಮಲ್ಲಿ ಹುಡುಗರ ಅಚ್ಚುಮೆಚ್ಚಿನ ಸಣ್ಣ ಸ್ಪೋರ್ಟ್ಸ್ ಬೈಕು ಯಮಹಾ ಆರ್15. 2008ರಲ್ಲಿ ಬಂದದ್ದು, ಈಗಿನದು 155 ಸಿಸಿ. ಇದರ ಸೀಟಿನ ಎತ್ತರ 815 ಮಿಲಿಮೀಟರ್, ಅಂದರೆ ಸುಮಾರು 32 ಇಂಚು. ‘ಅಷ್ಟೊಂದು ಎತ್ತರ ಇದೆಯಲ್ಲ, ಉದ್ದ ಇರೋರಿಗೆ ಸರಿಹೋಗುತ್ತೆ’ ಅಂತ ಅನ್ನಿಸೋದು ಸಹಜ. ಆದರೆ ಆ ಅಂಕಿ ಹೇಳೋದು ನೆಲಕ್ಕೆ ಕಾಲು ಎಟುಕುತ್ತಾ ಅನ್ನೋದನ್ನು ಮಾತ್ರ. ಅದು ಕುಳ್ಳಗಿರುವವರಿಗೆ ಬೇಕಾದ ಲೆಕ್ಕ.

ಉದ್ದ ಇರುವವರಿಗೆ ಬೇಕಾದ ಅಳತೆಗಳೇ ಬೇರೆ. ಸೀಟಿನಿಂದ ಫುಟ್‌ರೆಸ್ಟ್‌ಗೆ ಎಷ್ಟು ದೂರ? ಸೀಟಿನಿಂದ ಹ್ಯಾಂಡಲ್‌ಗೆ ಎಷ್ಟು ದೂರ, ಹ್ಯಾಂಡಲ್ ಎಷ್ಟು ಕೆಳಗಿದೆ? ಸ್ಪೋರ್ಟ್ಸ್ ಬೈಕಿನಲ್ಲಿ ತಿರುವಿನಲ್ಲಿ ವಾಲಿದಾಗ ನೆಲಕ್ಕೆ ತಾಗದಿರಲಿ ಅಂತ ಫುಟ್‌ರೆಸ್ಟ್ ಮೇಲಕ್ಕೂ ಹಿಂದಕ್ಕೂ ಇರುತ್ತೆ. ಗಾಳಿ ಸೀಳಿಕೊಂಡು ಹೋಗಲಿ ಅಂತ ಹ್ಯಾಂಡಲ್ ತಗ್ಗಿನಲ್ಲಿರುತ್ತೆ. ಕಾಲು ಉದ್ದವಾದಷ್ಟೂ ಮಂಡಿ ಹೆಚ್ಚು ಮಡಚಬೇಕು, ಅಷ್ಟೇ.

ಒಂದು ಪರೀಕ್ಷೆ ಮಾಡಿ. ಗಾಡಿಯನ್ನು ಒಬ್ಬರು ನೇರವಾಗಿ ಹಿಡಿದುಕೊಳ್ಳಲಿ. ಮಗ ಹೆಲ್ಮೆಟ್ ಹಾಕಿ, ಎರಡೂ ಕಾಲು ಫುಟ್‌ರೆಸ್ಟ್ ಮೇಲಿಟ್ಟು ಕೂರಲಿ. ಪಕ್ಕದಿಂದ ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಮಂಡಿಯ ಮಡಿಕೆ ‘ಎಲ್’ ಅಕ್ಷರಕ್ಕಿಂತ ತುಂಬ ಕಿರಿದಾಗಿದ್ದರೆ ಕಾಲಿಗೆ ಜಾಗ ಸಾಲದು. ಆಮೇಲೆ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿ. ಮಂಡಿಗೆ ತಾಗಿದರೆ ಅದು ಬರೀ ಆರಾಮದ ಪ್ರಶ್ನೆಯಲ್ಲ. ಯು ಟರ್ನ್ ಮಧ್ಯೆ ಹ್ಯಾಂಡಲ್ ಸಿಕ್ಕಿಕೊಂಡರೆ ಬೀಳೋದು ಗ್ಯಾರಂಟಿ.

ಮೊದಲು ದುಡ್ಡು ಬೇಡದ ಕೆಲಸ

ಕ್ಲಚ್ ಮತ್ತು ಬ್ರೇಕ್ ಲಿವರುಗಳ ಕೋನ ಮೊದಲು ನೋಡಿ. ಕೂತಾಗ ಮುಂಗೈ, ಮಣಿಕಟ್ಟು, ಬೆರಳು ಒಂದೇ ಗೆರೆಯಲ್ಲಿರಬೇಕು. ಉದ್ದನೆಯವರು ಮೇಲಿನಿಂದ ಕೈ ಚಾಚುವುದರಿಂದ ಲಿವರನ್ನು ಸ್ವಲ್ಪ ಕೆಳಮುಖ ತಿರುಗಿಸಿದರೆ ಮಣಿಕಟ್ಟು ಮೇಲಕ್ಕೆ ಮಡಚೋದು ತಪ್ಪುತ್ತೆ. ಗೇರ್ ಲಿವರನ್ನೂ ಹಿಂದಿನ ಬ್ರೇಕ್ ಪೆಡಲನ್ನೂ ಪಾದಕ್ಕೆ ಸರಿಯಾಗಿ ಹೊಂದಿಸಿಕೊಳ್ಳಬಹುದು. ದೊಡ್ಡ ಶೂ ಹಾಕುವವರಿಗೆ ಇದು ತುಂಬ ಮುಖ್ಯ. ಸರ್ವಿಸ್‌ಗೆ ಬಿಟ್ಟಾಗ ಹೇಳಿದರೆ ಮೆಕ್ಯಾನಿಕ್ ಮಾಡಿಕೊಡ್ತಾರೆ.

ಇನ್ನೊಂದು, ಕೂರುವ ರೀತಿ. ಮೈಭಾರವನ್ನು ಅಂಗೈ ಮೇಲೆ ಹಾಕಬಾರದು. ಸೀಟಿನಲ್ಲಿ ಹಿಂದೆ ಸರಿದು ಕೂತು, ತೊಡೆಯಿಂದ ಟ್ಯಾಂಕನ್ನು ಹಿಡಿದು, ಮೊಣಕೈ ಸಡಿಲ ಬಿಡಬೇಕು. ಟ್ಯಾಂಕ್ ಜಾರುತ್ತಿದ್ದರೆ ಪಕ್ಕಕ್ಕೆ ಅಂಟಿಸುವ ರಬ್ಬರ್ ಪ್ಯಾಡ್ ಸಿಗುತ್ತೆ. ಸಣ್ಣ ವಸ್ತು, ದೊಡ್ಡ ಉಪಕಾರ.

ಸೀಟು: ಒಂದು ಇಂಚಿನ ಮಹಿಮೆ

ಕಾಲಿಗೆ ಜಾಗ ಮಾಡಲು ಎರಡೇ ದಾರಿ. ಸೀಟು ಮೇಲೆ ಹೋಗಬೇಕು, ಇಲ್ಲಾ ಫುಟ್‌ರೆಸ್ಟ್ ಕೆಳಗೆ ಬರಬೇಕು. ಇದರಲ್ಲಿ ಸೀಟು ಸುಲಭ. ಆರ್15ನಂಥ ಬೈಕಿನಲ್ಲಿ ಸವಾರನ ಸೀಟು, ಹಿಂದಿನವರ ಸೀಟು ಬೇರೆ ಬೇರೆ. ಮುಂದಿನದನ್ನು ಮಾತ್ರ ಬಿಚ್ಚಿಕೊಂಡು ಸೀಟು ಹೊಲಿಯುವವರ ಹತ್ತಿರ ಹೋದರಾಯಿತು. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಗೊತ್ತೇ ಇದೆ. ಬೇರೆ ಊರುಗಳಲ್ಲೂ ಈ ಕೆಲಸದವರು ಸಿಗ್ತಾರೆ.

ಅವರಿಗೆ ಮೂರು ಮಾತು ಹೇಳಿ. ಒಂದು, ಗಟ್ಟಿ ಸ್ಪಂಜು ಹಾಕಿ. ಮೆತ್ತನೆಯದು ಅಂಗಡಿಯಲ್ಲಿ ಕೂತಾಗ ಹಿತ, ಅರ್ಧ ಗಂಟೆಯಲ್ಲಿ ಕುಸಿದು ತಳ ಸಿಗುತ್ತೆ. ಎರಡು, ಮುಂದಕ್ಕೆ ಜಾರುವ ಇಳಿಜಾರನ್ನು ಸಮ ಮಾಡಿ. ಮೂರು, ಮೊದಲ ಸಲ ಒಂದು ಇಂಚಿಗಿಂತ ಹೆಚ್ಚು ಏರಿಸಬೇಡಿ. ಒಂದು ವಾರ ಓಡಿಸಿ ನೋಡಿ, ಬೇಕಿದ್ದರೆ ಮತ್ತೆ ಅರ್ಧ ಇಂಚು ಏರಿಸಿದರಾಯಿತು.

ಯಾಕೆ ಈ ಎಚ್ಚರಿಕೆ? ನನ್ನ ಅಕ್ಕನ ಮಗ ಆರಡಿ ಒಂದಿಂಚು. ಇಂಥದ್ದೇ ಒಂದು ಬೈಕಿನಲ್ಲಿ ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ದಿನಾ ಓಡಾಡ್ತಾನೆ. ಸೀಟು ಏರಿಸಿದ ಮೇಲೆ ‘ಚಿಕ್ಕಮ್ಮ, ಮಂಡಿ ಈಗ ಪರವಾಗಿಲ್ಲ, ಆದ್ರೆ ಅಂಗೈ ಉರೀತಿದೆ’ ಅಂದ. ಅದು ಆಗುವುದೇ ಹಾಗೆ. ಸೀಟು ಮೇಲೆ ಹೋದರೂ ಹ್ಯಾಂಡಲ್ ಇದ್ದಲ್ಲೇ ಇರುತ್ತೆ, ಮೈ ಇನ್ನಷ್ಟು ಮುಂದಕ್ಕೆ ಬಾಗುತ್ತೆ, ಭಾರ ಕೈಗೆ ಬೀಳುತ್ತೆ. ಮಂಡಿಯ ನೋವು ಮಣಿಕಟ್ಟಿಗೆ ವರ್ಗ ಆಯ್ತು ಅಷ್ಟೇ. ಹಾಗಾಗಿ ಸೀಟು, ಹ್ಯಾಂಡಲ್ ಎರಡನ್ನೂ ಜೋಡಿಯಾಗಿ ಯೋಚಿಸಬೇಕು.

ಹ್ಯಾಂಡಲ್ ಏರಿಸುವಾಗ ಹುಷಾರು

ಸ್ಪೋರ್ಟ್ಸ್ ಬೈಕಿನ ಹ್ಯಾಂಡಲ್ ಒಂದೇ ಕೊಳವೆಯಲ್ಲ. ಮುಂದಿನ ಫೋರ್ಕಿಗೆ ಎರಡೂ ಕಡೆ ಹಿಡಿಸಿದ ಎರಡು ತುಂಡು, ಇದನ್ನು ಕ್ಲಿಪ್ ಆನ್ ಅಂತಾರೆ. ಇವನ್ನು ಸ್ವಲ್ಪ ಮೇಲಕ್ಕೂ ಹತ್ತಿರಕ್ಕೂ ತರುವ ರೈಸರ್‌ಗಳು ಮಾರುಕಟ್ಟೆಯಲ್ಲಿವೆ. ಬೆನ್ನಿಗೆ ಇದರಷ್ಟು ಸುಖ ಕೊಡುವ ಬದಲಾವಣೆ ಇನ್ನೊಂದಿಲ್ಲ.

ಆದರೆ ಜೀವ ಇರೋದು ಇದೇ ಹ್ಯಾಂಡಲ್‌ನಲ್ಲಿ. ಹಾಕಿಸಿದ ಮೇಲೆ ಅಂಗಡಿಯಿಂದ ಹೊರಡುವ ಮುಂಚೆ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಬ್ರೇಕ್ ಹೋಸ್, ಕ್ಲಚ್ ಕೇಬಲ್, ವೈರು ಯಾವುದೂ ಬಿಗಿಯಬಾರದು. ಹೆಬ್ಬೆರಳು ಟ್ಯಾಂಕಿಗೆ ಸಿಕ್ಕಿಕೊಳ್ಳಬಾರದು. ಇಂಜಿನ್ ಸ್ಟಾರ್ಟ್ ಮಾಡಿ ನ್ಯೂಟ್ರಲ್‌ನಲ್ಲಿಟ್ಟು ತಿರುಗಿಸಿದಾಗ ಆಕ್ಸಿಲರೇಟರ್ ತಾನಾಗಿ ಏರಿದರೆ ಕೇಬಲ್ ಸಾಲದು ಅಂತ ಅರ್ಥ, ಆ ಗಾಡಿ ಓಡಿಸಲೇಬೇಡಿ. ವಾರದ ನಂತರ ಬೋಲ್ಟುಗಳನ್ನು ಇನ್ನೊಮ್ಮೆ ಪರೀಕ್ಷಿಸಿಕೊಳ್ಳಿ.

ಫುಟ್‌ರೆಸ್ಟ್ ಕೆಳಗಿಳಿಸುವ ಬ್ರಾಕೆಟ್‌ಗಳೂ ಉಂಟು. ಮಂಡಿಗೆ ಒಳ್ಳೆಯದೇ. ಆದರೆ ತಿರುವಿನಲ್ಲಿ ವಾಲಿದಾಗ ಬೇಗ ನೆಲ ತಾಗುತ್ತೆ. ಘಾಟಿಯಲ್ಲಿ ಜೋರಾಗಿ ಹೋಗುವ ಅಭ್ಯಾಸ ಇರುವವರಿಗೆ ಇದು ಬೇಡ. ಪೇಟೆಯಲ್ಲಿ ನಿಧಾನಕ್ಕೆ ಓಡಾಡುವವರಿಗೆ ಸರಿ.

ಗಾಳಿ ಮತ್ತು ಕತ್ತು

ಹೈವೇನಲ್ಲಿ ಹೆಲ್ಮೆಟ್ ಗಡಗಡ ಅಲುಗಾಡುತ್ತೆ ಅನ್ನೋದು ಉದ್ದನೆಯವರ ಇನ್ನೊಂದು ದೂರು. ಮುಂದಿನ ಗಾಜಿನ ಮೇಲಿನಿಂದ ಚಿಮ್ಮುವ ಸುಳಿಗಾಳಿ ನೇರ ಹೆಲ್ಮೆಟ್‌ಗೆ ಬಡಿಯುತ್ತೆ. ಎತ್ತರದ ಗಾಜು ಹಾಕಿದರೆ ಕೆಲವರಿಗೆ ಪರಿಹಾರ, ಕೆಲವರಿಗೆ ಸುಳಿ ಗಂಟಲಿನಿಂದ ಹಣೆಗೆ ಬರುತ್ತೆ ಅಷ್ಟೇ. ಒಂದೇ ಬೈಕಿನ ಗೆಳೆಯರ ಗಾಡಿಯಲ್ಲಿ ಅಂಥ ಗಾಜು ಇದ್ದರೆ ಒಂದು ಸುತ್ತು ಹೋಗಿ ನೋಡಿ ಆಮೇಲೆ ಕೊಳ್ಳಿ.

ಕಾನೂನು ಏನನ್ನುತ್ತೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸ ಬರುವಂಥ ಬದಲಾವಣೆ ಮಾಡುವಂತಿಲ್ಲ. 2019ರ ತಿದ್ದುಪಡಿಯ ನಂತರ ದಂಡವೂ ಜೋರಾಗಿದೆ, ಒಂದೊಂದು ಬದಲಾವಣೆಗೆ 5000 ರೂಪಾಯಿ, ಅಥವಾ ಆರು ತಿಂಗಳವರೆಗೆ ಜೈಲು. ಫ್ರೇಮ್ ಕತ್ತರಿಸೋದು, ವೆಲ್ಡಿಂಗ್ ಮಾಡಿಸೋದು ಇವುಗಳ ತಂಟೆಗೇ ಹೋಗಬೇಡಿ. ಹ್ಯಾಂಡಲ್, ಫುಟ್‌ರೆಸ್ಟ್ ಬದಲಿಸುವ ಮೊದಲು ಸರ್ವಿಸ್ ಸೆಂಟರಿನಲ್ಲೂ ವಿಮಾ ಕಂಪನಿಯಲ್ಲೂ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಪಡೆದುಕೊಳ್ಳಿ.

ಯಾವಾಗ ಸಾಕು ಅನ್ನಬೇಕು?

ಗಾಡಿ ಇಳಿದ ಮೇಲೂ ಬೆರಳು ಮರಗಟ್ಟಿರುತ್ತಾ ಅಂತ ಮಗನನ್ನು ಕೇಳಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ಮೆನ್ನುತ್ತಿದ್ದರೆ ಮಣಿಕಟ್ಟಿನ ನಡುವಿನ ನರ ಒತ್ತುತ್ತಿರಬಹುದು. ಕಿರುಬೆರಳು, ಉಂಗುರದ ಬೆರಳಾದರೆ ಅಂಗೈ ಅಂಚಿನ ಕಡೆಯ ನರ. ರಾತ್ರಿ ನಿದ್ದೆಯಲ್ಲೂ ಬರುತ್ತಿದ್ದರೆ ಬೈಕಿನ ಅಂಗಡಿ ಬಿಟ್ಟು ಡಾಕ್ಟರ ಹತ್ತಿರ ಹೋಗಿ.

ಇನ್ನೂ ಗಾಡಿ ಕೊಂಡಿಲ್ಲವೆಂದರೆ ಇನ್ನೊಂದು ದಾರಿ ಇದೆ. ಆರ್15ರ 155 ಸಿಸಿ ಇಂಜಿನ್ನೇ ಇರುವ ಎಂಟಿ-15ರಲ್ಲಿ ಹ್ಯಾಂಡಲ್ ಅಗಲವಾಗಿ, ಎತ್ತರದಲ್ಲಿದೆ. ಬೆನ್ನು ನೆಟ್ಟಗಿರುತ್ತೆ, ಮುಂದಿನ ಹೊದಿಕೆಯ ಅಂದ ಇರಲ್ಲ. ಶೋರೂಮಿನಲ್ಲಿ ಐದು ನಿಮಿಷದ ಟೆಸ್ಟ್ ರೈಡ್ ಸಾಲದು, ಅರ್ಧ ಗಂಟೆ ಕೊಡಿ ಅಂತ ಕೇಳಿ.

ಈಗಾಗಲೇ ಗಾಡಿ ಮನೆಯಲ್ಲಿದ್ದರೆ ಒಂದೊಂದೇ ಬದಲಾವಣೆ ಮಾಡಿ, ಒಂದೊಂದು ವಾರ ನೋಡಿ. ಬಿಚ್ಚಿದ ಮೂಲ ಸೀಟಿನ ಸ್ಪಂಜು, ಕವರು, ಹ್ಯಾಂಡಲ್, ಬೋಲ್ಟು ಒಂದೂ ಗುಜರಿಗೆ ಹಾಕದೆ ಒಂದು ಡಬ್ಬದಲ್ಲಿ ಕಟ್ಟಿ ಅಟ್ಟದ ಮೇಲಿಡಿ. ನಾಳೆ ಗಾಡಿ ಮಾರುವಾಗ ಕೊಳ್ಳಲು ಬರುವವರು ಐದಡಿ ಐದಿಂಚು ಇರಬಹುದು!