ಪುಣೆಯ ಪೋಟ್, ನಮ್ಮ ಹೊಟ್ಟೆ

ಪುಣೆಯ ಖಾನಾವಳಿಯಲ್ಲಿ ಬಿಸಿ ವರಣ-ಭಾತದ ಮೇಲೆ ಬೀಳುವುದು ‘ತೂಪ್’. ಸಂಸ್ಕೃತದಲ್ಲಿ ಅದು ಘೃತ, ಹಿಂದಿಯಲ್ಲಿ ಘೀ. ಮರಾಠಿಯೂ ಅದೇ ವಂಶದ್ದು. ಆದರೂ ಬಾಯಲ್ಲಿ ಉಳಿದದ್ದು ನಮ್ಮ ತುಪ್ಪ. ಅದು ಹೋಗಿ ಸೇರುವ ‘ಪೋಟ್’ ಕೂಡ ನಮ್ಮ ಹೊಟ್ಟೆಯೇ!

ಸದ್ದು ಹೋಲಿದ ಮಾತ್ರಕ್ಕೆ ನೆಂಟಸ್ತನ ಕಟ್ಟಿದರೆ ಭಾಷಾವಿಜ್ಞಾನಿಗಳು ಒಪ್ಪುವುದಿಲ್ಲ. ಆ ಸದ್ದು ಯಾವ ಕ್ರಮದಲ್ಲಿ ಬದಲಾಯಿತು ಎಂದು ಕೇಳುತ್ತಾರೆ. ಸಂಸ್ಕೃತದ ಹಸ್ತ, ಸಪ್ತ ಪ್ರಾಕೃತದಲ್ಲಿ ಹತ್ಥ, ಸತ್ತ ಆದವು. ಮರಾಠಿಗೆ ಬರುವಾಗ ಹಾತ್, ಸಾತ್. ಒತ್ತು ಕಳಚಿತು, ಅದರ ಹಿಂದಿನ ಸ್ವರ ದೀರ್ಘವಾಯಿತು, ಕೊನೆಯ ಸ್ವರ ಉದುರಿತು. ತುಪ್ಪ ತೂಪ್ ಆದದ್ದೂ ಪೊಟ್ಟ ಪೋಟ್ ಆದದ್ದೂ ಇದೇ ದಾರಿಯಲ್ಲಿ. ಅಂದರೆ ಈ ಬದಲಾವಣೆಗೆ ಮುಂಚೆಯೇ, ಪ್ರಾಕೃತದ ಕಾಲಕ್ಕೇ, ಇವು ಆ ಮನೆ ಹೊಕ್ಕಿದ್ದವು. ಶಾತವಾಹನ ದೊರೆ ಹಾಲನ ಹೆಸರಿನಲ್ಲಿರುವ ಗಾಥಾಸಪ್ತಶತಿಯಲ್ಲಿ ಇಂಥ ಪದಗಳನ್ನು ಮಂಜೇಶ್ವರದ ಗೋವಿಂದ ಪೈಗಳು ಹೆಕ್ಕಿ ತೋರಿಸಿದ್ದರು.

ನನಗೆ ಇದಕ್ಕಿಂತ ಸೊಗಸೆನಿಸುವುದು ‘ಪ’ಕಾರದ ಕಥೆ. ಹತ್ತನೆಯ ಶತಮಾನದ ಸುಮಾರಿನಿಂದ ಕನ್ನಡದಲ್ಲಿ ಪಾಲು ಹಾಲಾಯಿತು, ಪೂವು ಹೂವಾಯಿತು, ಪೊಟ್ಟೆ ಹೊಟ್ಟೆಯಾಯಿತು. ನಾವು ಕಳೆದುಕೊಂಡ ಹಳೆಯ ‘ಪ’ವನ್ನು ಪುಣೆಯವರು ದಿನವೂ ಪೋಟ್ ಎನ್ನುತ್ತ ಕಾಪಾಡಿಕೊಂಡಿದ್ದಾರೆ, ತಮಗೇ ತಿಳಿಯದಂತೆ.

ಪದವೊಂದು ಮೊದಲು ಎಲ್ಲಿ ಬರಹದಲ್ಲಿ ಕಂಡಿತು ಎಂಬುದೂ ದೊಡ್ಡ ಸಾಕ್ಷಿ. ಅದನ್ನು ಹುಡುಕುವ ತಾಳ್ಮೆ ಎಷ್ಟಿರಬೇಕೆಂದು ತಿಳಿಯಲು ಪುಣೆಯ ಡೆಕ್ಕನ್ ಕಾಲೇಜಿಗೇ ಹೋಗಬೇಕು. ಎಸ್. ಎಂ. ಕತ್ರೆ 1948ರಲ್ಲಿ ಅಲ್ಲಿ ಸಂಸ್ಕೃತ ನಿಘಂಟಿನ ಕೆಲಸ ಆರಂಭಿಸಿದರು. ಸುಮಾರು 1,500 ಗ್ರಂಥಗಳಿಂದ ಪದಪ್ರಯೋಗಗಳನ್ನು ಚೀಟಿಗಳಿಗೆ ಇಳಿಸಿದರು. ಚೀಟಿಗಳೇ ಒಂದು ಕೋಟಿಯಷ್ಟು. ಸಂಪುಟಗಳು ಬರತೊಡಗಿದ್ದು 1976ರಲ್ಲಿ. ದಶಕಗಳು ಉರುಳಿದರೂ ‘ಅ’ಕಾರದ ಪದಗಳೇ ಮುಗಿಯಲೊಲ್ಲವು.

ಕೊಡುಕೊಳ್ಳುವಿಕೆ ಒಂದೇ ಕಡೆಯದಲ್ಲ. ತಿಂಗಳ ಮೊದಲಿಗೆ ಧಾರವಾಡದವರು ಎಣಿಸುವ ‘ಪಗಾರ’ ಮರಾಠಿಯ ನೆರೆಯಿಂದ ಬಂದದ್ದು. ಮರಾಠಿಗೆ ಅದನ್ನು ಕೊಟ್ಟವರು ಪೋರ್ಚುಗೀಸರು. ಅವರಲ್ಲಿ ಅದು ನಾಮಪದವಲ್ಲ, ‘ಹಣ ಸಲ್ಲಿಸು’ ಎಂಬ ಕ್ರಿಯೆ. 1886ರಿಂದ ನಡೆಯುತ್ತಿರುವ ಪುಣೆಯ ಮಂಡಈ ಮಾರುಕಟ್ಟೆಯಲ್ಲಿ ಸೀಬೆಹಣ್ಣಿಗೆ ‘ಪೇರೂ’ ಎನ್ನುತ್ತಾರೆ. ಪೋರ್ಚುಗೀಸರ ‘ಪೇರಾ’ ಬೇರೆಯೇ ಹಣ್ಣು, ಪೇರ್. ಪಕ್ಕದಲ್ಲೇ ರಾಶಿ ಬಿದ್ದಿರುವ ಬಟಾಟೆಯ ಹೆಸರು ಕೆರಿಬಿಯನ್ ದ್ವೀಪಗಳ ಟೈನೊ ಜನರದ್ದು. ಅವರು ಆ ಹೆಸರಿನಿಂದ ಕರೆಯುತ್ತಿದ್ದದ್ದು ಮಾತ್ರ ಆಲೂಗಡ್ಡೆಯನ್ನಲ್ಲ, ಗೆಣಸನ್ನು.