ಗಸಗಸೆಯ ಹೂವೂ ಕುಂಪಣಿಯ ಬೊಕ್ಕಸವೂ

ಸಾದಲಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಸೀಮೆಯವರಾದ ನಮಗೆ ನಂದಿಬೆಟ್ಟವೆಂದರೆ ತಂಗಾಳಿ, ಮಂಜು, ರಜಾದಿನದ ವಿಹಾರ. 1791ರ ಅಕ್ಟೋಬರಿನಲ್ಲಿ ಆ ದುರ್ಗದ ಗೋಡೆಯನ್ನು ಫಿರಂಗಿಗಳಿಂದ ಒಡೆದು ಟಿಪ್ಪುವಿನ ಕಾವಲುಪಡೆಯನ್ನು ಸೋಲಿಸಿದುದು ಕಾರ್ನ್‌ವಾಲಿಸನ ಸೈನ್ಯ. ಆತನ ಒಡೆಯರು ಅರಸರಲ್ಲ, ವರ್ತಕರು. ಈಸ್ಟ್ ಇಂಡಿಯಾ ಕುಂಪಣಿಯವರು. ಅವರ ಬಂಗಾಳದ ಬೊಕ್ಕಸವನ್ನು ತುಂಬುತ್ತಿದ್ದ ಸರಕುಗಳಲ್ಲಿ ಅಫೀಮೂ ಒಂದು.

ಮಾದಕವಸ್ತುಗಳ ಕಳ್ಳಸಾಗಣೆ ಎಂದೊಡನೆ ನಮಗೆ ದೂರದ ಕೊಲಂಬಿಯಾದ ತಂಡಗಳು ನೆನಪಾಗುತ್ತವೆ. ಅವುಗಳಿಗಿಂತ ಎಷ್ಟೋ ಬಲಿಷ್ಠವಾದ ಸಂಸ್ಥೆಯೊಂದು ನಮ್ಮನ್ನೇ ಆಳಿತೆಂಬುದನ್ನು ಮಾತ್ರ ಮರೆತುಬಿಡುತ್ತೇವೆ.

1773ರಲ್ಲಿ ವಾರನ್ ಹೇಸ್ಟಿಂಗ್ಸ್ ಬಂಗಾಳ, ಬಿಹಾರಗಳ ಅಫೀಮನ್ನು ಕುಂಪಣಿಯ ಏಕಸ್ವಾಮ್ಯಕ್ಕೆ ಒಳಪಡಿಸಿದನು. ಮುಂದೆ ರೈತನಿಗೆ ಮುಂಗಡ ಹಣವನ್ನು ಕೊಡುವ ಪದ್ಧತಿ ಬಲವಾಯಿತು. ಮುಂಗಡವೆಂಬುದು ಎಂತಹ ಉರುಳೆಂದು ನಮ್ಮ ರೇಷ್ಮೆಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಹಣ ಪಡೆದವನು ಗಸಗಸೆಯನ್ನೇ ಬೆಳೆಯಬೇಕು, ಕುಂಪಣಿ ಹೇಳಿದ ಬೆಲೆಗೇ ಒಪ್ಪಿಸಬೇಕು. ಕಾಯಿಯನ್ನು ಗೀರಿ ತೆಗೆದ ರಸವು ಪಾಟ್ನಾ, ಗಾಜೀಪುರಗಳಲ್ಲಿ ಉಂಡೆಗಳಾಗಿ, ಪೆಟ್ಟಿಗೆಗಳಲ್ಲಿ ಕಲ್ಕತ್ತೆಗೆ ಬಂದು ಹರಾಜಾಗುತ್ತಿತ್ತು.

ಕುಂಪಣಿಯ ಜಾಣತನವಿದ್ದುದು ಇಲ್ಲಿಯೇ. ಚೀನಾದ ಚಕ್ರವರ್ತಿಗಳು 1729ರಲ್ಲಿಯೂ 1799ರಲ್ಲಿಯೂ ಅಫೀಮನ್ನು ನಿಷೇಧಿಸಿದ್ದರು. ಆದುದರಿಂದ ಕುಂಪಣಿ ತನ್ನ ಹಡಗುಗಳಲ್ಲಿ ಅದನ್ನು ಒಯ್ಯಲಿಲ್ಲ. ಹರಾಜಿನಲ್ಲಿ ಕೊಂಡ ಖಾಸಗಿ ವರ್ತಕರು ಕದ್ದು ಸಾಗಿಸಿದರು. ಅವರು ಗಳಿಸಿದ ಬೆಳ್ಳಿ ಕ್ಯಾಂಟನ್ನಿನಲ್ಲಿ ಕುಂಪಣಿಯ ಖಜಾನೆಗೆ ಸೇರಿತು; ಅದರಿಂದಲೇ ಇಂಗ್ಲೆಂಡಿಗೆ ಚಹವನ್ನು ಕೊಂಡರು. ಕೈ ಶುಭ್ರವಾಗಿಯೂ ಉಳಿಯಿತು, ತುಂಬಿಯೂ ಇತ್ತು!

ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ವರ್ಷಕ್ಕೆ ಸುಮಾರು 4,000 ಪೆಟ್ಟಿಗೆಗಳಷ್ಟಿದ್ದ ಈ ವ್ಯಾಪಾರ, ಮಾಳವದ ಅಫೀಮೂ ಸೇರಿ, 1838ರ ವೇಳೆಗೆ ಸುಮಾರು 40,000ಕ್ಕೆ ಏರಿತು. 1839ರಲ್ಲಿ ಲಿನ್ ಜೆಶೂ ಎಂಬ ದಕ್ಷ ಅಧಿಕಾರಿ 20,000ಕ್ಕೂ ಹೆಚ್ಚು ಪೆಟ್ಟಿಗೆಗಳನ್ನು ವಶಪಡಿಸಿಕೊಂಡು, ಹುಮೆನ್ ಎಂಬಲ್ಲಿ ಸುಣ್ಣ, ಉಪ್ಪುಗಳೊಡನೆ ಕರಗಿಸಿ ಕಡಲಿಗೆ ಹರಿಸಿದನು. ಬ್ರಿಟನ್ನಿನ ಉತ್ತರ ಯುದ್ಧನೌಕೆಗಳ ರೂಪದಲ್ಲಿ ಬಂದಿತು. 1842ರಲ್ಲಿ ಸೋತ ಚೀನಾ ಹಾಂಗ್‌ಕಾಂಗನ್ನೂ 2 ಕೋಟಿ 10 ಲಕ್ಷ ಬೆಳ್ಳಿಯ ಡಾಲರುಗಳನ್ನೂ ತೆತ್ತಿತು.

ಇಂತಹ ಕುಂಪಣಿ ಉರುಳಿದುದು ಈ ಪಾಪಕ್ಕಾಗಿಯೇ ಎನ್ನುವಂತಿಲ್ಲ. 1833ರ ಶಾಸನ ಅದರ ಚೀನಾ ವ್ಯಾಪಾರದ ಏಕಸ್ವಾಮ್ಯವನ್ನು ಕಸಿಯಿತು. 1857ರ ದಂಗೆಯ ಬಳಿಕ, 1858ರಲ್ಲಿ, ಆಳ್ವಿಕೆಯೂ ಹೋಯಿತು. 1874ರಲ್ಲಿ ಅದು ವಿಸರ್ಜನೆಗೊಂಡಿತು. ಆದರೆ ಅಫೀಮಿನ ವ್ಯಾಪಾರ ಒಡೆಯನೊಡನೆ ಸಾಯಲಿಲ್ಲ. ಬ್ರಿಟಿಷ್ ಸರಕಾರವೇ ಅದನ್ನು ಮುಂದುವರಿಸಿತು. 1907ರ ಒಪ್ಪಂದದ ಅನಂತರ, 1913ರಲ್ಲಿ, ಚೀನಾಕ್ಕೆ ರಫ್ತು ನಿಂತಿತು.

ಗಾಜೀಪುರದ ಕಾರ್ಖಾನೆ ಇಂದಿಗೂ ಇದೆ. ಈಗ ಅಲ್ಲಿ ತಯಾರಾಗುವುದು ರೋಗಿಗಳ ನೋವನ್ನು ಶಮನಗೊಳಿಸುವ ಔಷಧಿಗಳ ಸಾರ. ಗಿಡ ಅದೇ, ರಸ ಅದೇ. ಅದನ್ನು ವಿಷವಾಗಿಸಿದುದು ಮನುಷ್ಯನ ಲೋಭ. ಮುಂದಿನ ಸಲ ನಂದಿಯ ಮೆಟ್ಟಿಲೇರಿ ಆ ಕೋಟೆಯ ಗೋಡೆಯ ಬಳಿ ನಿಂತಾಗ ಮಕ್ಕಳಿಗೆ ಈ ಕಥೆಯನ್ನೂ ಹೇಳಬಹುದಲ್ಲವೇ?