ಒಕ್ಕಣ್ಣನ ಗವಿಗೆ ಕರೆಯದೆ ಬಂದವರು

ಒಕ್ಕಣ್ಣ ದೈತ್ಯನ ಗವಿಯಲ್ಲಿ ಸಿಕ್ಕಿಬಿದ್ದವರು ಅವನ ಕಣ್ಣು ಕುರುಡಾಗಿಸಿ, ಕುರಿಗಳ ಮರೆಯಲ್ಲಿ ಪಾರಾಗುವ ಕಥೆ ಹೋಮರನೊಬ್ಬನ ಸ್ವತ್ತಲ್ಲ. 1857ರಲ್ಲಿ ವಿಲ್‌ಹೆಲ್ಮ್ ಗ್ರಿಮ್ ಇದರ ಹಲವು ರೂಪಗಳನ್ನು ಒಟ್ಟುಗೂಡಿಸಿದ. 1904ರಲ್ಲಿ ಫಿನ್‌ಲೆಂಡಿನ ಆಸ್ಕರ್ ಹಾಕ್‌ಮನ್ ಇನ್ನೂರಕ್ಕೂ ಹೆಚ್ಚು ಪಾಠಗಳನ್ನು ಕಲೆಹಾಕಿದ. ತುರ್ಕರ ದೆದೆ ಕೋರ್ಕುಟ್ ಕಥೆಗಳಲ್ಲಿ ಈ ಒಕ್ಕಣ್ಣನ ಹೆಸರು ತೆಪೆಗೋಜ್. ಜನಪದದಲ್ಲಿ ರಾಕ್ಷಸ ಸಾಮಾನ್ಯವಾಗಿ ಬರೀ ರಾಕ್ಷಸ; ಅವನಿಗೆ ಅತಿಥಿಧರ್ಮ ತಿಳಿದಿರಬೇಕೆಂದು ಯಾರೂ ಬಯಸುವುದಿಲ್ಲ. ಆ ಪರೀಕ್ಷೆಗೆ ಅವನನ್ನು ಕೂರಿಸಿದ್ದು ಹೋಮರನ ‘ಒಡಿಸ್ಸಿ’.

ಮಹಾಕಾವ್ಯದ ಗ್ರೀಕರಲ್ಲಿ ಸತ್ಕಾರಕ್ಕೊಂದು ಕ್ರಮವಿತ್ತು. ಬಂದವನಿಗೆ ಮೊದಲು ಕೈತೊಳೆಯಲು ನೀರು, ಊಟ; ಹೆಸರು, ಊರು ವಿಚಾರಿಸುವುದು ಆಮೇಲೆ; ಹೊರಡುವಾಗ ಉಡುಗೊರೆ. ಇದಕ್ಕೆ ಕಾವಲು ಸ್ವತಃ ದೇವರಾಜ ಜ್ಯೂಸ್. ಟ್ರಾಯ್ ಯುದ್ಧ ಹುಟ್ಟಿದ್ದೇ ಪ್ಯಾರಿಸ್ ಉಂಡ ಮನೆಗೆ ಎರಡು ಬಗೆದದ್ದರಿಂದ. ಅದೇ ಯುದ್ಧದ ನಡುವೆ ಎದುರಾಳಿಗಳಾದ ಗ್ಲಾಕಸ್, ಡಯೊಮೀಡಿಸ್ ತಮ್ಮ ಅಜ್ಜಂದಿರ ಕಾಲದ ಅತಿಥಿಬಾಂಧವ್ಯ ನೆನೆದು ಹೊಡೆದಾಟ ಬಿಡುತ್ತಾರೆ.

ಕವಿಯ ಕುಶಲತೆ ಕಾಣುವುದು ಒಂದು ಪ್ರಶ್ನೆಯಲ್ಲಿ. ಮೂರನೆಯ ಸರ್ಗದಲ್ಲಿ ವೃದ್ಧ ರಾಜ ನೆಸ್ಟರ್, ಕಾವ್ಯದ ನಾಯಕ ಒಡಿಸ್ಯೂಸನ ಮಗ ಟೆಲಿಮಾಕಸನಿಗೆ ಉಣಬಡಿಸಿದ ಮೇಲೆ ಕೇಳುತ್ತಾನೆ: ನೀವು ಯಾರು, ವ್ಯಾಪಾರಕ್ಕೆ ಬಂದಿರೋ, ಕಡಲ್ಗಳ್ಳರೋ? ಒಂಬತ್ತರಲ್ಲಿ ದೈತ್ಯ ಪಾಲಿಫಿಮಸನ ಬಾಯಲ್ಲೂ ಅವೇ ಸಾಲುಗಳು ಬರುತ್ತವೆ. ಆದರೆ ಅವನು ತುತ್ತು ಅನ್ನವನ್ನೂ ಕೊಡದೆ ಕೇಳುತ್ತಾನೆ, ಆಮೇಲೆ ಬಂದವರಲ್ಲೇ ಇಬ್ಬರನ್ನು ತಿನ್ನುತ್ತಾನೆ. ನಿನ್ನನ್ನು ಕೊನೆಗೆ ತಿನ್ನುತ್ತೇನೆ, ಅದೇ ನಿನಗೆ ಉಡುಗೊರೆ ಎಂದು ಒಡಿಸ್ಯೂಸನಿಗೆ ಹೇಳುತ್ತಾನೆ.

ಕಾವ್ಯ ರೂಪುಗೊಳ್ಳುತ್ತಿದ್ದ ಕ್ರಿ.ಪೂ. 8ನೇ ಶತಮಾನದಲ್ಲೇ ಗ್ರೀಕರು ಇಟಲಿಯ ಕಡೆ ಹಡಗು ಹಾಯಿಸುತ್ತಿದ್ದರು. ಇಸ್ಕಿಯಾ ದ್ವೀಪದ ಪಿಥಿಕೂಸಾಯ್, ಸಿಸಿಲಿಯ ಸಿರಾಕ್ಯೂಸ್ ಹುಟ್ಟಿದ್ದು ಆಗ. ಒಕ್ಕಣ್ಣ ದೈತ್ಯರ ನೆಲಕ್ಕೆ ಎದುರಿನ ದ್ವೀಪವನ್ನು ಒಡಿಸ್ಯೂಸ್ ನೋಡುವ ಬಗೆ ಕೇಳಿ: ಫಲವತ್ತಾದ ಮಣ್ಣು, ದ್ರಾಕ್ಷಿಗೆ ತಕ್ಕ ಹದ, ಒಳ್ಳೆಯ ಬಂದರು, ಸಿಹಿನೀರಿನ ಬುಗ್ಗೆ. ಜಮೀನು ಹುಡುಕಿಕೊಂಡು ಬಂದವನ ಕಣ್ಣು ಅದು. ದೈತ್ಯರ ಮೇಲಿನ ಆರೋಪಗಳೂ ಇಂಥವೇ: ಸಭೆಯಿಲ್ಲ, ಕಟ್ಟಳೆಯಿಲ್ಲ, ಉಳುವುದಿಲ್ಲ, ಹಡಗಿಲ್ಲ, ಒಬ್ಬರ ಗೋಜು ಒಬ್ಬರಿಗಿಲ್ಲ. ಆದರೆ ಪಾಲಿಫಿಮಸ್ ಕಿರುಚಿದಾಗ ನೆರೆಯವರು ಓಡಿಬಂದದ್ದಂತೂ ನಿಜ! ಅವನ ಗವಿಯಲ್ಲಿ ಗಿಣ್ಣಿನ ಬುಟ್ಟಿಗಳು, ವಯಸ್ಸಿನಂತೆ ವಿಂಗಡಿಸಿದ ಮರಿಗಳು, ಎಲ್ಲ ಅಚ್ಚುಕಟ್ಟು.

ಇದನ್ನೆಲ್ಲ ಹೇಳುತ್ತಿರುವವನು ಒಡಿಸ್ಯೂಸನೇ ಎಂಬುದನ್ನು ಮರೆಯುವಂತಿಲ್ಲ. ಸ್ವಲ್ಪ ಮುಂಚೆ ಇಸ್ಮರಸ್ ಊರನ್ನು ಕೊಳ್ಳೆಹೊಡೆದು, ಗಂಡಸರನ್ನು ಕೊಂದು ಬಂದವನು. ಯಜಮಾನನಿಲ್ಲದ ಗವಿಗೆ ಹೊಕ್ಕು ಅವನ ಗಿಣ್ಣು ತಿಂದವನು. ಹೊರಡೋಣವೆಂದು ಸಂಗಡಿಗರು ಅಂಗಲಾಚಿದರೂ, ಉಡುಗೊರೆ ಸಿಕ್ಕೀತೆಂದು ಕಾದು ಕೂತವನು. ಕಾಡುತನವನ್ನು ಅಳೆಯುವ ಕೋಲು ಅವನ ಕೈಯಲ್ಲೇ ಇತ್ತು. ಕವಿ ಮಾತ್ರ ಅದನ್ನು ಅವನತ್ತಲೂ ತಿರುಗಿಸಿದಂತಿದೆ. ಮುಂದೆ ಇಥಾಕಾದ ತನ್ನದೇ ಅರಮನೆಯಲ್ಲಿ ಭಿಕ್ಷುಕನ ವೇಷದಲ್ಲಿದ್ದ ಒಡಿಸ್ಯೂಸನಿಗೆ, ಅವನ ಹೆಂಡತಿಯನ್ನು ವರಿಸಲು ಬಂದ ಕ್ಟೆಸಿಪಸ್ ಎಂಬಾತ ‘ಉಡುಗೊರೆ’ ಎನ್ನುತ್ತ ಎತ್ತಿನ ಕಾಲನ್ನು ಎಸೆಯುತ್ತಾನೆ. ಪಾಲಿಫಿಮಸನ ವ್ಯಂಗ್ಯ ಸಭ್ಯರ ಮನೆಗೇ ಬಂದಿದೆ.

ಇನ್ನು ಒಡಿಸ್ಯೂಸನಿಗೆ ಆಸರೆ ಕೊಟ್ಟು ಈ ಕಥೆ ಕೇಳುತ್ತ ಕೂತ ಫಿಯೇಶಿಯನ್ನರು. ಇದೇ ಒಕ್ಕಣ್ಣರ ಕಾಟ ತಾಳಲಾರದೆ ಊರು ಬಿಟ್ಟು ಬಂದು, ಕೋಟೆ, ಗುಡಿ ಕಟ್ಟಿಕೊಂಡವರು. ಒಡಿಸ್ಯೂಸನಿಗೆ ಉಡುಗೊರೆ ಹೇರಿ, ತಮ್ಮ ಹಡಗಿನಲ್ಲೇ ಮನೆ ತಲುಪಿಸಿದರು. ಮಗ ಪಾಲಿಫಿಮಸನ ಕಣ್ಣು ಹೋದ ಸಿಟ್ಟಿನಲ್ಲಿದ್ದ ಕಡಲದೇವ ಪೊಸೈಡನ್ ಆ ಹಡಗು ಮರಳಿ ಬರುವಾಗ ಅದನ್ನು ಕಲ್ಲಾಗಿಸಿದ. ಇನ್ನು ಮೇಲೆ ಯಾವ ಪರಕೀಯನನ್ನೂ ಊರು ಮುಟ್ಟಿಸುವುದು ಬೇಡವೆಂದು ರಾಜ ಅಲ್ಸಿನೋಸ್ ಸಾರಿದ.